ದೀರ್ಘ ಅಂಕಪಟ್ಟಿಯ ಮುದ್ರಣ: ಪ್ರತಿ ಪುಟಕ್ಕೂ ಶೀರ್ಷಿಕೆ ಸಾಲು

ಉದ್ದೇಶ

ಈ ಪಾಠವನ್ನು ಅಭ್ಯಸಿಸಿದ ಶಿಕ್ಷಕರು, ಗಣಕಯಂತ್ರದಲ್ಲಿ ಸಿದ್ಧಪಡಿಸಿದ ದೀರ್ಘ ಕೋಷ್ಟಕವನ್ನು ಪ್ರತಿ ಪುಟದ ಮೇಲ್ಭಾಗದಲ್ಲಿಯೂ ಶೀರ್ಷಿಕೆ ಸಾಲುಗಳು ಮೂಡುವಂತೆ ಮುದ್ರಿಸಲು ಸಮರ್ಥರಾಗುವರು. ಈ ಕ್ರಮ ಏಕೆ ಅಗತ್ಯವೆಂಬುದನ್ನು ಸಹೋದ್ಯೋಗಿಗಳಿಗೆ ವಿವರಿಸಬಲ್ಲವರಾಗುವರು.

ಅವಶ್ಯಕತೆ

ಅಕ್ಕಲಕೋಟ ತಾಲೂಕಿನ ತಡವಳದಂತಹ ಗ್ರಾಮಗಳಲ್ಲಿ ಅನೇಕ ಮಕ್ಕಳ ಮನೆಮಾತು ಕನ್ನಡ. ಕಚೇರಿಯ ವ್ಯವಹಾರ ಮರಾಠಿಯಲ್ಲಿ. ಪ್ರಾಥಮಿಕ ಹಂತದ ಶಿಕ್ಷಣವು ಮಾತೃಭಾಷೆಯಲ್ಲಿ ದೊರೆಯಬೇಕೆಂಬುದು ಸಂವಿಧಾನದ 350ಎ ವಿಧಿಯ ಆಶಯ. ಆದರೆ ಕನ್ನಡದಲ್ಲಿ ಕಲಿತ ಮಗುವಿನ ಅಂಕಗಳು ಕನ್ನಡ ಬಲ್ಲವರ ಕೈಯಲ್ಲಿಯೇ ಉಳಿಯುವುದಿಲ್ಲ. ಪಟ್ಟಿಯು ಮುಖ್ಯಾಧ್ಯಾಪಕರಿಂದ ಕೇಂದ್ರಪ್ರಮುಖರಿಗೆ, ಅಲ್ಲಿಂದ ಗಟಶಿಕ್ಷಣಾಧಿಕಾರಿಗಳ ಕಚೇರಿಗೆ ಸಾಗುತ್ತದೆ. ವಿದ್ಯಾರ್ಥಿಗಳ ಮಾಹಿತಿಯನ್ನು ಆನ್‌ಲೈನ್ ಆಗಿ ತುಂಬುವ ಪದ್ಧತಿ ಬಂದ ಮೇಲೂ ಸಹಿಯುಳ್ಳ ಕಾಗದದ ಪ್ರತಿಗೆ ಇರುವ ಬೆಲೆ ತಗ್ಗಿಲ್ಲ.

ಪುಟಗಳು ಬೇರೆಬೇರೆಯಾದಾಗ ತೊಂದರೆ ಆರಂಭವಾಗುತ್ತದೆ. ಮಹಾರಾಷ್ಟ್ರದಲ್ಲಿ 2010ರಲ್ಲಿ ಜಾರಿಗೆ ಬಂದ ಸಾತತ್ಯಪೂರ್ಣ ಸರ್ವಂಕಷ ಮೂಲ್ಯಮಾಪನದ ಯೋಜನೆಯಲ್ಲಿ 6ನೆಯ ಇಯತ್ತೆಗೆ ಆಕಾರಿಕ ಮೂಲ್ಯಮಾಪನಕ್ಕೆ 50, ಸಂಕಲಿತ ಮೂಲ್ಯಮಾಪನಕ್ಕೆ 50 ಅಂಕಗಳು. ಎರಡರ ಗರಿಷ್ಠ ಅಂಕವೂ ಒಂದೇ ಆದುದರಿಂದ, ಶೀರ್ಷಿಕೆಯಿಲ್ಲದ ಪುಟದಲ್ಲಿ 38 ಮತ್ತು 27 ಎಂಬ ಅಂಕಗಳಲ್ಲಿ ಯಾವುದು ಯಾವುದಕ್ಕೆ ಸೇರಿದ್ದೆಂದು ಅಂಕೆಗಳಷ್ಟರಿಂದ ತಿಳಿಯದು. ಮಗುವಿನ ಕನ್ನಡದ ಅಂಕ ಮರಾಠಿಯ ಮನೆಗೆ ಸೇರಿದರೂ ಒಟ್ಟು ಮೊತ್ತ ಬದಲಾಗದು. ಆದ್ದರಿಂದ ಈ ತಪ್ಪು ತಾಳೆ ನೋಡುವವರ ಕಣ್ಣಿಗೂ ಬೀಳದೆ ಹೋಗಬಹುದು.

ಒಂದು ಲೆಕ್ಕ

6ನೆಯ ಇಯತ್ತೆಯಲ್ಲಿ 60 ವಿದ್ಯಾರ್ಥಿಗಳಿದ್ದಾರೆಂದು ಭಾವಿಸೋಣ. ಕನ್ನಡ, ಮರಾಠಿ, ಇಂಗ್ಲಿಷ್ ಈ ಮೂರು ವಿಷಯಗಳ ಪಟ್ಟಿಯಲ್ಲಿ ಮೊದಲ ಸಾಲು ಶಾಲೆ, ಇಯತ್ತೆ ಹಾಗೂ ವರ್ಷವನ್ನು, ಎರಡನೆಯದು ವಿಷಯಗಳ ಹೆಸರನ್ನು, ಮೂರನೆಯದು ಆಕಾರಿಕ, ಸಂಕಲಿತ, ಒಟ್ಟು ಎಂಬುದನ್ನು ಸೂಚಿಸುತ್ತದೆ. ಅಡ್ಡವಾಗಿರಿಸಿದ ಎ-4 ಕಾಗದದ ಎತ್ತರ 210 ಮಿ.ಮೀ. ಮೇಲೆ ಕೆಳಗೆ 19 ಮಿ.ಮೀ.ನಂತೆ ಅಂಚು ಬಿಟ್ಟರೆ 172 ಮಿ.ಮೀ. ಉಳಿಯುತ್ತದೆ. ಒತ್ತಕ್ಷರಗಳು ಕತ್ತರಿಸಿಹೋಗದಂತೆ ಸಾಲಿನ ಎತ್ತರವನ್ನು 20 ಪಾಯಿಂಟ್, ಎಂದರೆ ಸುಮಾರು 7 ಮಿ.ಮೀ. ಇರಿಸಿದರೆ ಪುಟಕ್ಕೆ 24 ಸಾಲುಗಳು ಹಿಡಿಯುತ್ತವೆ.

ಸೂಚನೆ ನೀಡದೆ ಮುದ್ರಿಸಿದಾಗ ಮೊದಲ ಪುಟದಲ್ಲಿ ಶೀರ್ಷಿಕೆಯೊಡನೆ 21 ವಿದ್ಯಾರ್ಥಿಗಳು ಬರುತ್ತಾರೆ; ಉಳಿದ 39 ವಿದ್ಯಾರ್ಥಿಗಳ ಅಂಕಗಳು ಶೀರ್ಷಿಕೆಯಿಲ್ಲದ ಎರಡು ಪುಟಗಳಲ್ಲಿ ಬೀಳುತ್ತವೆ. ಶೀರ್ಷಿಕೆಯನ್ನು ಪುನರಾವರ್ತಿಸಿದರೆ ಪುಟಗಳಲ್ಲಿ ಕ್ರಮವಾಗಿ 21, 21, 18 ವಿದ್ಯಾರ್ಥಿಗಳು ಬರುತ್ತಾರೆ. ಪುಟಗಳು ಆಗಲೂ ಮೂರೇ.

ಕಾರ್ಯಕ್ರಮ

1. ಶೀರ್ಷಿಕೆಯ ಸಾಲುಗಳನ್ನು ಒಂದರ ಕೆಳಗೊಂದು ಬಿಡುವಿಲ್ಲದೆ ಇರಿಸಬೇಕು. ವಿಷಯಗಳ ಹೆಸರನ್ನು ಕನ್ನಡದಲ್ಲಿಯೂ ಅದೇ ಮನೆಯಲ್ಲಿ ಮರಾಠಿಯಲ್ಲಿಯೂ ಬರೆಯಬೇಕು. ಆಕಾರಿಕ, ಸಂಕಲಿತ ಎಂಬ ಪದಗಳು ಎರಡೂ ಭಾಷೆಗಳಿಗೆ ಸಮಾನವಾದರೂ ಲಿಪಿ ಬೇರೆಯಾದುದರಿಂದ ಇವುಗಳನ್ನೂ ಎರಡು ಲಿಪಿಗಳಲ್ಲಿ ಕೊಡುವುದು ಲೇಸು.

2. ಎಕ್ಸೆಲ್‌ನಲ್ಲಿ ‘ಪೇಜ್ ಲೇಔಟ್’ ವಿಭಾಗವನ್ನು ತೆರೆದು ‘ಪ್ರಿಂಟ್ ಟೈಟಲ್ಸ್’ ಎಂಬುದನ್ನು ಒತ್ತಬೇಕು.

3. ತೆರೆದ ಚೌಕಟ್ಟಿನ ‘ರೋಸ್ ಟು ರಿಪೀಟ್ ಆ್ಯಟ್ ಟಾಪ್’ ಎಂಬಲ್ಲಿ $1:$3 ಎಂದು ಬರೆಯಬೇಕು. ಅಥವಾ ಮೌಸಿನಿಂದ ಆ ಮೂರು ಸಾಲುಗಳನ್ನು ಆರಿಸಬೇಕು.

4. ಅದೇ ಚೌಕಟ್ಟಿನ ‘ಹೆಡರ್/ಫೂಟರ್’ ಭಾಗದಲ್ಲಿ ಪುಟಸಂಖ್ಯೆಯನ್ನೂ ಒಟ್ಟು ಪುಟಗಳ ಸಂಖ್ಯೆಯನ್ನೂ ಸೇರಿಸಬೇಕು. ಒಂದು ಹಾಳೆ ಕಳೆದುಹೋದರೆ ಇದರಿಂದ ತಿಳಿಯುತ್ತದೆ.

5. ‘ಪ್ರಿಂಟ್ ಪ್ರಿವ್ಯೂ’ದಲ್ಲಿ ಎರಡನೆಯ ಹಾಗೂ ಕೊನೆಯ ಪುಟಗಳನ್ನು ನೋಡಿಯೇ ಮುದ್ರಿಸಬೇಕು. ಮೊದಲ ಪುಟದಲ್ಲಿ ಶೀರ್ಷಿಕೆ ಹೇಗೂ ಇರುವುದರಿಂದ ಅದನ್ನಷ್ಟೇ ನೋಡಿದರೆ ಪರೀಕ್ಷೆಯಾಗದು.

ಲಿಬ್ರೆ ಆಫೀಸ್ ಬಳಸುವವರು ‘ಫಾರ್ಮ್ಯಾಟ್’ ಪಟ್ಟಿಯ ‘ಪ್ರಿಂಟ್ ರೇಂಜಸ್’, ಅದರೊಳಗಿನ ‘ಎಡಿಟ್’ ಎಂಬಲ್ಲಿ ಇದೇ ಸೂಚನೆಯನ್ನು ನೀಡಬಹುದು. ಗೂಗಲ್ ಶೀಟ್ಸ್‌ನಲ್ಲಿ ಮೊದಲು ಸಾಲುಗಳನ್ನು ‘ಫ್ರೀಜ್’ ಮಾಡಿ, ಮುದ್ರಣದ ವೇಳೆ ‘ರಿಪೀಟ್ ಫ್ರೋಜನ್ ರೋಸ್’ ಎಂಬುದಕ್ಕೆ ಗುರುತು ಇದೆಯೇ ಎಂದು ನೋಡಬೇಕು.

ಎಚ್ಚರಿಕೆಗಳು

ಎಕ್ಸೆಲ್‌ನ ‘ಫ್ರೀಜ್ ಪೇನ್ಸ್’ ಪರದೆಯ ಮೇಲೆ ಮಾತ್ರ ಶೀರ್ಷಿಕೆಯನ್ನು ನಿಲ್ಲಿಸುತ್ತದೆ. ಕಾಗದಕ್ಕೆ ಅದರ ಪರಿಣಾಮವಿಲ್ಲ.

ಪ್ರತಿ ಪುಟದ ಆರಂಭದಲ್ಲಿ ಶೀರ್ಷಿಕೆಯನ್ನು ನಕಲಿಸಿ ಅಂಟಿಸುವ ರೂಢಿ ಕೆಲವೆಡೆ ಇದೆ. ಹೊಸ ವಿದ್ಯಾರ್ಥಿಯ ಹೆಸರನ್ನು ನಡುವೆ ಸೇರಿಸಿದೊಡನೆ ಆ ಸಾಲು ಕೆಳಗೆ ಸರಿದು ಪುಟದ ಮಧ್ಯದಲ್ಲಿ ನಿಲ್ಲುತ್ತದೆ. ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿದರಂತೂ ಶೀರ್ಷಿಕೆಯು ಮಕ್ಕಳ ಹೆಸರುಗಳ ನಡುವೆ ಸೇರಿಹೋಗುತ್ತದೆ. ಆದ್ದರಿಂದ ಈ ರೂಢಿಯನ್ನು ಬಿಡಬೇಕು.

‘ಫೈಲ್’, ‘ಪ್ರಿಂಟ್’ ಮಾರ್ಗವಾಗಿ ‘ಪೇಜ್ ಸೆಟಪ್’ ತೆರೆದರೆ ಈ ಸೂಚನೆಯ ಸ್ಥಳ ಮಸುಕಾಗಿ ಕಾಣುತ್ತದೆ, ಬರೆಯಲು ಬಾರದು. ಹಿಂದಿರುಗಿ ‘ಪೇಜ್ ಲೇಔಟ್’ ಮೂಲಕವೇ ಹೋಗಬೇಕು.

ಪಟ್ಟಣದ ಅಂಗಡಿಯಲ್ಲಿ ಮುದ್ರಿಸುವುದಾದರೆ ಅಕ್ಷರಗಳು ಯೂನಿಕೋಡ್‌ನಲ್ಲಿರಬೇಕು. ಹಳೆಯ ಬಗೆಯ ಫಾಂಟ್‌ನಲ್ಲಿ ಬರೆದ ಕನ್ನಡವು, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ಶಾಲೆಯಲ್ಲಿಯೇ ಪಿಡಿಎಫ್ ಮಾಡಿ ಒಯ್ಯುವುದು ಸುರಕ್ಷಿತ.

ಅಭ್ಯಾಸ

1. ತಮ್ಮ ತರಗತಿಯ ಅಂಕಪಟ್ಟಿಯನ್ನು ಮೇಲಿನ ಕ್ರಮದಂತೆ ಸಿದ್ಧಪಡಿಸಿ ಪಿಡಿಎಫ್ ಮಾಡಿರಿ.

2. ಅದರ ಕೊನೆಯ ಪುಟವೊಂದನ್ನೇ ಮುದ್ರಿಸಿ, ಕನ್ನಡ ಓದಲು ಬಾರದ ಸಹೋದ್ಯೋಗಿಯೊಬ್ಬರಿಗೆ ಕೊಡಿರಿ. ಶಾಲೆ, ಇಯತ್ತೆ, ವಿಷಯ ಹಾಗೂ ಮೂಲ್ಯಮಾಪನದ ಬಗೆಯನ್ನು ಅವರು ಯಾರನ್ನೂ ಕೇಳದೆ ಹೇಳಿದರೆ ಪಟ್ಟಿ ಸರಿಯಾಗಿದೆ. ಅವರು ಎಲ್ಲಿ ತಡೆದರೋ ಆ ಶೀರ್ಷಿಕೆಯನ್ನು ತಿದ್ದಿ, ಬಳಿಕವೇ ಪೂರ್ಣ ಪ್ರತಿಯನ್ನು ಮುದ್ರಿಸಿ ಸಹಿಗೆ ಕಳುಹಿಸಿರಿ.