‘ಮಿತಿಯೊಳಗಿದೆ’ ಎಂದರೆ ಎಷ್ಟು? ಕೇಳುವ ಹಕ್ಕು ಕಾರ್ಮಿಕರಿಗಿದೆ

ರಾಸಾಯನಿಕ ಬಳಸುವ ಕಾರ್ಖಾನೆಗಳಲ್ಲಿ ಗಾಳಿಯ ತಪಾಸಣೆ ಮುಗಿದ ಮೇಲೆ ಕಾರ್ಮಿಕರ ಕಿವಿಗೆ ಬೀಳುವುದು ಸಾಮಾನ್ಯವಾಗಿ ಒಂದೇ ಮಾತು: ಎಲ್ಲವೂ ಮಿತಿಯೊಳಗಿದೆ. ಆ ಮಾತನ್ನು ಒರೆಗೆ ಹಚ್ಚಲು ಬೇಕಾದ ಮಾಹಿತಿ ಕೇಳುವ ಹಕ್ಕನ್ನು ಕಾನೂನು ಕೊಟ್ಟಿದೆ. ಆದರೆ ಬರೀ ಅಂಕಿಯನ್ನು ಕೇಳಿ ಸುಮ್ಮನಾದರೆ ಆ ಹಕ್ಕು ಅರ್ಧಕ್ಕೇ ನಿಂತಂತೆ. ಯಾರು ಉಸಿರಾಡುವ ಗಾಳಿಯನ್ನು, ಯಾವ ಕೆಲಸದ ವೇಳೆ, ಎಷ್ಟು ಹೊತ್ತು ಅಳೆದರು ಎಂಬುದು ತಿಳಿಯದೆ ಅಂಕಿಗೆ ಬೆಲೆಯಿಲ್ಲ.

1984ರ ಭೋಪಾಲ್ ದುರಂತ ಮತ್ತು ಮರುವರ್ಷ ದೆಹಲಿಯಲ್ಲಿ ಆದ ಓಲಿಯಂ ಸೋರಿಕೆಯ ಬಳಿಕ, 1987ರಲ್ಲಿ 1948ರ ಕಾರ್ಖಾನೆಗಳ ಕಾಯ್ದೆಗೆ ಅಪಾಯಕಾರಿ ಪ್ರಕ್ರಿಯೆಗಳ ಕುರಿತ ಹೊಸ ಅಧ್ಯಾಯ ಸೇರಿತು. ಅಪಾಯಗಳನ್ನು ಕಾರ್ಮಿಕರಿಗೆ ತಿಳಿಸಲೇಬೇಕು ಎಂದು 41ಬಿ ಕಲಂ ಹೇಳಿತು. ರಾಸಾಯನಿಕಗಳಿಗೆ ಒಡ್ಡಿಕೊಳ್ಳುವವರ ಆರೋಗ್ಯ ದಾಖಲೆ ಇಡುವುದನ್ನೂ ವರ್ಷಕ್ಕೊಮ್ಮೆಯಾದರೂ ವೈದ್ಯಕೀಯ ತಪಾಸಣೆ ಮಾಡಿಸುವುದನ್ನೂ 41ಸಿ ಮಾಲೀಕರ ಹೊಣೆಯಾಗಿಸಿತು. ಗಾಳಿಯಲ್ಲಿ ಯಾವ ವಸ್ತು ಎಷ್ಟಿರಬಹುದು ಎಂಬ ಪಟ್ಟಿ ಎರಡನೇ ಅನುಸೂಚಿಯಲ್ಲಿ ಬಂತು. 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಈಗ ಆ ಕಾಯ್ದೆಯ ಜಾಗದಲ್ಲಿದೆ. ತನ್ನ ಆರೋಗ್ಯ ಮತ್ತು ಸುರಕ್ಷತೆಯ ಮಾಹಿತಿ ಪಡೆಯುವ ಹಕ್ಕನ್ನು ಸಂಹಿತೆಯ 14ನೇ ಕಲಂ ಉದ್ಯೋಗಿಗೆ ಉಳಿಸಿಕೊಟ್ಟಿದೆ.

ಅಳತೆಯ ಸೂಕ್ಷ್ಮ ಇರುವುದು ಸರಾಸರಿಯಲ್ಲಿ. ಪೇಂಟ್ ಥಿನ್ನರ್‌ನಲ್ಲಿರುವ ಟಾಲ್ವೀನ್‌ಗೆ ಅನುಸೂಚಿ ಎರಡು ಮಿತಿ ಇಟ್ಟಿತ್ತು: ಎಂಟು ಗಂಟೆಯ ಸರಾಸರಿ 100 ಪಿಪಿಎಂ, ಹದಿನೈದು ನಿಮಿಷದ ಸರಾಸರಿ 150. ಒಬ್ಬ ಕಾರ್ಮಿಕ ಎರಡು ಗಂಟೆ ಡ್ರಮ್‌ನಿಂದ ಥಿನ್ನರ್ ಸುರಿದು ಬಣ್ಣ ಕಲಸುತ್ತಾನೆ, ಆಗ ಅವನ ಮೂಗಿನ ಬಳಿ 300 ಪಿಪಿಎಂ ಇದೆ ಎಂದುಕೊಳ್ಳಿ. ಉಳಿದ ಆರು ಗಂಟೆ 20. ಲೆಕ್ಕ ಹಾಕಿದರೆ ದಿನದ ಸರಾಸರಿ 90. ವರದಿ ‘ಮಿತಿಯೊಳಗಿದೆ’ ಎನ್ನುತ್ತದೆ, ಸುಳ್ಳೂ ಅಲ್ಲ. ಆದರೆ ಕಲಸುವ ಹೊತ್ತಿನಲ್ಲಿ ಅಲ್ಪಾವಧಿ ಮಿತಿ ಇಮ್ಮಡಿ ಮೀರಿದೆ, ಅದು ವರದಿಯಲ್ಲಿ ಎಲ್ಲೂ ಕಾಣುವುದಿಲ್ಲ. ಇನ್ನು ಉಪಕರಣವನ್ನು ಶೆಡ್‌ನ ಮಧ್ಯದ ಕಂಬಕ್ಕೆ ಕಟ್ಟಿದ್ದರೆ ಆ 90 ಕೂಡ ಸಿಗುತ್ತಿರಲಿಲ್ಲ. ಸರಿಯಾದ ಕ್ರಮದಲ್ಲಿ ಸಣ್ಣ ಪಂಪ್ ಕಾರ್ಮಿಕನ ಬೆಲ್ಟಿನಲ್ಲಿರುತ್ತದೆ, ಇದ್ದಿಲು ತುಂಬಿದ ಗಾಜಿನ ಕೊಳವೆ ಅವನ ಕಾಲರಿನಲ್ಲಿ. ಪಂಪ್ ಎಳೆಯುವ ಗಾಳಿಯ ಪ್ರಮಾಣವನ್ನು ಮೊದಲೂ ಕೊನೆಗೂ ಪರೀಕ್ಷಿಸಿರಬೇಕು. ಅಂದು ಉತ್ಪಾದನೆ ಎಂದಿನಷ್ಟೇ ಇತ್ತೇ ಎಂಬುದನ್ನೂ ಬರೆದಿರಬೇಕು. ತಪಾಸಣೆಯ ದಿನ ಫ್ಯಾನುಗಳೆಲ್ಲ ಒಟ್ಟಿಗೆ ತಿರುಗುವ ಸೋಜಿಗವನ್ನು ಬಲ್ಲವರು ಬಲ್ಲರು.

ಮಾಸ್ಕ್ ಕೊಟ್ಟಿದ್ದೇವಲ್ಲ, ಅಳತೆ ಯಾಕೆ ಎಂದು ಕೇಳುವವರಿದ್ದಾರೆ. ಧೂಳು ತಡೆಯುವ ಮಾಸ್ಕ್ ಟಾಲ್ವೀನ್ ಆವಿಯನ್ನು ತಡೆಯದು. ಯಾವ ಮಾಸ್ಕ್ ಬೇಕು, ಅದರ ಕಾರ್ಟ್ರಿಜ್ ಎಷ್ಟು ಹೊತ್ತಿಗೆ ಬದಲಾಗಬೇಕು ಎಂದು ತೀರ್ಮಾನಿಸಲೂ ಅಳತೆಯೇ ಬೇಕು. ವ್ಯಾಪಾರದ ಗುಟ್ಟು ಎಂಬ ಆಕ್ಷೇಪಕ್ಕೆ ಹುರುಳಿಲ್ಲ: ಕಾರ್ಮಿಕ ಕೇಳುತ್ತಿರುವುದು ಬಣ್ಣದ ಸೂತ್ರವನ್ನಲ್ಲ, ತಾನು ಉಸಿರಾಡುವ ಗಾಳಿಯ ವಿವರವನ್ನು. ಖರ್ಚಿನ ಮಾತಿನಲ್ಲಿ ಮಾತ್ರ ಸ್ವಲ್ಪ ನಿಜವಿದೆ. ಸಣ್ಣ ಘಟಕಕ್ಕೆ ಪ್ರಯೋಗಾಲಯದ ಶುಲ್ಕ ಭಾರವೇ. ಆದರೂ ಬಣ್ಣ ಬದಲಿಸುವ ಅಗ್ಗದ ಡಿಟೆಕ್ಟರ್ ಕೊಳವೆಯಿಂದ ಕೆಟ್ಟ ಜಾಗವನ್ನು ಗುರುತಿಸಿ, ಅಲ್ಲಿನ ಒಂದಿಬ್ಬರ ಮೇಲಷ್ಟೇ ಪೂರ್ಣ ಪಾಳಿಯ ಅಳತೆ ಮಾಡಿಸಿದರೆ ಖರ್ಚು ಇಳಿಯುತ್ತದೆ.

ಕೇಳುವುದನ್ನು ಬರಹದಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. ಮೊದಲು ಆಡಳಿತಕ್ಕೆ, ನೇರವಾಗಿ ಅಥವಾ ಸುರಕ್ಷತಾ ಸಮಿತಿಯ ಸದಸ್ಯರ ಮೂಲಕ. ಅಲ್ಲಿ ಉತ್ತರ ಸಿಗದಿದ್ದರೆ ಸಂಹಿತೆ ‘ಇನ್‌ಸ್ಪೆಕ್ಟರ್-ಕಮ್-ಫೆಸಿಲಿಟೇಟರ್’ ಎಂದು ಕರೆಯುವ ಅಧಿಕಾರಿಗೆ. ಕರ್ನಾಟಕದಲ್ಲಿ ಇದು ಕಾರ್ಖಾನೆ, ಬಾಯ್ಲರ್, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯ ವ್ಯಾಪ್ತಿ. ಹೆಸರು ಹೊರಬೀಳುವ ಭಯವಿದ್ದರೆ ಗೋಪ್ಯವಾಗಿಡಬೇಕೆಂದು ದೂರಿನಲ್ಲೇ ಬರೆಯಿರಿ. ಖಾಸಗಿ ಕಾರ್ಖಾನೆಯಿಂದ ಮಾಹಿತಿ ಹಕ್ಕಿನಡಿ ನೇರವಾಗಿ ಏನನ್ನೂ ಕೇಳಲಾಗದು, ಆದರೆ ಇಲಾಖೆಯ ಕಡತದಲ್ಲಿರುವ ತಪಾಸಣಾ ವರದಿಗೆ ಹತ್ತು ರೂಪಾಯಿ ಶುಲ್ಕದ ಅರ್ಜಿ ಹಾಕಬಹುದು. ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳೊಳಗೆ.

ಕೆಲಸ ಬಿಡುವವರಿಗೂ ಇದು ಮುಖ್ಯ. ಸಿಲಿಕೋಸಿಸ್, ಕಲ್ನಾರಿನ ಕಾಯಿಲೆಗಳು ವರ್ಷಗಳ ನಂತರ ತಲೆ ಎತ್ತುತ್ತವೆ, ಆಗ ಪರಿಹಾರ ಕೇಳಲು ಹಳೆಯ ಅಳತೆಯೇ ಸಾಕ್ಷಿ. 1995ರಲ್ಲಿ ಸುಪ್ರೀಂ ಕೋರ್ಟ್ ಕಲ್ನಾರು ಕಾರ್ಮಿಕರ ಪ್ರಕರಣದಲ್ಲಿ ಆರೋಗ್ಯದ ಹಕ್ಕನ್ನು ಸಂವಿಧಾನದ 21ನೇ ವಿಧಿಯೊಳಗೆ ಸೇರಿಸಿತು. ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ನಿವೃತ್ತಿಯ ನಂತರ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಆರೋಗ್ಯ ದಾಖಲೆ ಇಡಬೇಕೆಂದು ಆ ಉದ್ದಿಮೆಗಳಿಗೆ ಆದೇಶಿಸಿತು. ಕಾರ್ಖಾನೆ ಮುಚ್ಚಿದರೆ ಕಡತ ಎಲ್ಲಿ ಹೋಗುತ್ತದೋ ಹೇಳಲಾಗದು, ಹಾಗಾಗಿ ಅಳತೆಯ ವರದಿಯ ಮತ್ತು ವೈದ್ಯಕೀಯ ತಪಾಸಣೆಯ ಪ್ರತಿಗಳನ್ನು ಇಎಸ್‌ಐ ಕಾಗದಗಳ ಜೊತೆಗೇ ಮನೆಯಲ್ಲಿಟ್ಟುಕೊಳ್ಳಿ.