ಹೆಚ್ಚು ಪ್ರವಾಹ ಎಳೆಯುವ ಮೋಟಾರು: ದೋಷ ಹುಡುಕುವ ಕ್ರಮ

ನಮ್ಮ ಶಾಲೆಯಲ್ಲಿ ಕಲಿತ ಅನೇಕರ ಜೀವನೋಪಾಯವು ಎರಡು ಯಂತ್ರಗಳನ್ನು ಅವಲಂಬಿಸಿದೆ: ಸೊಲ್ಲಾಪುರದಲ್ಲಿ ಚಾದರ, ಟವೆಲು ನೇಯುವ ವಿದ್ಯುತ್ ಮಗ್ಗ; ಅಕ್ಕಲಕೋಟ ತಾಲೂಕಿನಲ್ಲಿ ಬಾವಿಯ ಪಂಪು. ಮೋಟಾರು ಸುಟ್ಟರೆ ನೇಕಾರನ ಕೂಲಿ ನಿಲ್ಲುತ್ತದೆ, ರೈತನ ಬೆಳೆ ಒಣಗುತ್ತದೆ.

ಹೆಚ್ಚು ಪ್ರವಾಹ ಹರಿದಾಗ ಸ್ಟಾರ್ಟರಿನ ಓವರ್‌ಲೋಡ್ ರಿಲೇ ಮೋಟಾರನ್ನು ನಿಲ್ಲಿಸುತ್ತದೆ. ಪದೇ ಪದೇ ನಿಲ್ಲುತ್ತದೆಂದು ರಿಲೇಯ ಮಿತಿಯನ್ನು ಏರಿಸುವುದು, ಸ್ಟಾರ್ಟರಿಗೆ ಕಟ್ಟಿಗೆಯ ಚೂರು ಸಿಕ್ಕಿಸುವುದು ಕಾವಲುಗಾರನ ಬಾಯಿ ಕಟ್ಟಿದಂತೆಯೇ ಸರಿ. 1841ರಲ್ಲಿ ಜೇಮ್ಸ್ ಜೌಲ್ ಪ್ರಕಟಿಸಿದ ನಿಯಮದಂತೆ ತಂತಿಯ ಶಾಖವು ಪ್ರವಾಹದ ವರ್ಗಕ್ಕನುಗುಣವಾಗಿ ಏರುತ್ತದೆ. ಪ್ರವಾಹ ಶೇಕಡಾ 20 ಹೆಚ್ಚಿದರೆ ಶಾಖ ಶೇಕಡಾ 44 ಹೆಚ್ಚುವುದು. ಆದುದರಿಂದ ಕಾರಣವನ್ನು ಕ್ರಮವಾಗಿ ಹುಡುಕಬೇಕು.

ಒಂದು: ಮೋಟಾರಿನ ಫಲಕವನ್ನು ಓದಿರಿ. ಮೂರು ಫೇಸಿನ, 415 ವೋಲ್ಟಿನ, 5 ಅಶ್ವಶಕ್ತಿಯ ಮೋಟಾರು ಪೂರ್ಣ ಹೊರೆಯಲ್ಲಿ ಸುಮಾರು 7ರಿಂದ 8 ಆಂಪಿಯರ್ ಎಳೆಯುತ್ತದೆ. ಹೊರಡುವಾಗ ಐದಾರು ಪಟ್ಟು ಏರುವುದು ಸಹಜ. ಓಡುವಾಗಿನ ಅಳತೆಯನ್ನೇ ಗಣಿಸಬೇಕು.

ಎರಡು: ಮೂರೂ ಫೇಸುಗಳ ನಡುವಣ ವೋಲ್ಟೇಜನ್ನು ಅಳೆಯಿಸಿರಿ. ವೋಲ್ಟೇಜು ಕುಗ್ಗಿದರೂ ಹೊರೆ ಕುಗ್ಗದು. ಆ ಕೊರತೆಯನ್ನು ಮೋಟಾರು ಪ್ರವಾಹದಿಂದ ತುಂಬಿಕೊಳ್ಳುತ್ತದೆ. ಓಡುತ್ತಿರುವಾಗ ಒಂದು ಫೇಸು ಹೋದರೆ ಉಳಿದೆರಡರಲ್ಲಿ ಪ್ರವಾಹ ಸುಮಾರು ಒಂದೂಮುಕ್ಕಾಲು ಪಟ್ಟಾಗಬಹುದು. ಫ್ಯೂಸು, ಸಡಿಲ ತಂತಿ, ಸ್ಟಾರ್ಟರಿನ ಸುಟ್ಟ ಸಂಪರ್ಕಗಳನ್ನು ನೋಡಿರಿ.

ಮೂರು: ಹೊರೆಯನ್ನು ಬೇರ್ಪಡಿಸಿರಿ. ಬೆಲ್ಟು ತೆಗೆದಾಗ ಪ್ರವಾಹ ಚೆನ್ನಾಗಿ ಇಳಿದರೆ ಮಗ್ಗದ ಕಡೆ ಹುಡುಕಿರಿ: ಅತಿ ಬಿಗಿಯಾದ ಬೆಲ್ಟು, ಎಣ್ಣೆ ಕಾಣದ ಬೇರಿಂಗು. ಪಂಪಿನಲ್ಲಿ ಮರಳು ಸಿಕ್ಕಿರಬಹುದು. ಇನ್ನೊಂದು ವಿಷಯ ಹಲವರಿಗೆ ಅಚ್ಚರಿಯೆನಿಸೀತು. ಮಳೆಗಾಲದಲ್ಲಿ ಬಾವಿಯ ನೀರು ಮೇಲೇರಿದಾಗ ಎತ್ತುವ ಎತ್ತರ ತಗ್ಗಿ, ಪಂಪು ಹೆಚ್ಚು ನೀರನ್ನು ತಳ್ಳಿ, ಹೆಚ್ಚು ಪ್ರವಾಹವನ್ನು ಎಳೆಯಬಹುದು. ಆಗ ನೀರು ಹೊರಹೋಗುವ ಕೊಳವೆಯ ವಾಲ್ವನ್ನು ತುಸು ಮುಚ್ಚಿದರೆ ಪ್ರವಾಹ ಇಳಿಯುತ್ತದೆ.

ನಾಲ್ಕು: ಮೂರು ತಂತಿಗಳ ಪ್ರವಾಹ ಅಸಮವಾಗಿದ್ದರೆ, ವಿದ್ಯುತ್ ತೆಗೆದು, ಮೋಟಾರಿಗೆ ಬರುವ ಮೂರೂ ತಂತಿಗಳನ್ನು ಒಂದೊಂದು ಸ್ಥಾನ ಮುಂದಕ್ಕೆ ಜೋಡಿಸಬೇಕು; ತಿರುಗುವ ದಿಕ್ಕು ಬದಲಾಗದು. ಹೆಚ್ಚಿನ ಪ್ರವಾಹ ಅದೇ ತಂತಿಯಲ್ಲುಳಿದರೆ ದೋಷ ಸರಬರಾಜಿನದು. ಮೋಟಾರಿನ ಅದೇ ಸುರುಳಿಯೊಡನೆ ಸಾಗಿದರೆ ಮೋಟಾರಿನದು. ಸುರುಳಿ ಕಟ್ಟಿಸುವ ಖರ್ಚಿಗೆ ಕೈಹಾಕುವ ಮುನ್ನ ಈ ಪರೀಕ್ಷೆ ಅವಶ್ಯ.

ಈ ಕೆಲಸಗಳನ್ನು ಪರವಾನಗಿಯುಳ್ಳ ವೈರಮನ್ನನೇ ಮಾಡಲಿ. ಮಾಲಿಕನು ಪಕ್ಕದಲ್ಲಿ ನಿಂತು ಅಳತೆಗಳನ್ನು ತಾರೀಖಿನೊಡನೆ ವಹಿಯಲ್ಲಿ ಬರೆದಿಟ್ಟುಕೊಳ್ಳಲಿ. ಮುಂದಿನ ಸಲ ದೋಷ ಕಂಡಾಗ ಹೋಲಿಸಿ ನೋಡಲು ಆ ಬರಹವೇ ಆಧಾರ.