ಜಾಲತಾಣಗಳ ಹೊಸ ವರ್ತಮಾನಗಳನ್ನು ಮನೆಗೆ ತರಿಸಿಕೊಳ್ಳುವ ಬಗೆ

ಶ್ರಾವಣಮಾಸವು ಮುಗಿಯುವ ಹೊತ್ತಿಗೆ ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಎರೆಹೊಲಗಳಲ್ಲಿ ಹೆಸರಿನ ಕಾಯಿಗಳು ಮಾಗಿ ಕಪ್ಪಾಗಿರುತ್ತವೆ. ಆಗ ಒಕ್ಕಲಿಗನ ಮುಂದಿರುವ ಪ್ರಶ್ನೆಯು ಒಂದೇ: ಇಂದೇ ಕಾಯಿ ಬಿಡಿಸಬೇಕೋ, ಇನ್ನೆರಡು ದಿವಸ ತಡೆಯಬೇಕೋ? ಮಘಾ ಮಳೆಯು ಬಿಡದೆ ಜಿನುಗಿದರೆ ಗಿಡದ ಮೇಲಣ ಕಾಯಿಯಲ್ಲಿಯೇ ಕಾಳು ಮೊಳೆಯುವದು. ಕಣದಲ್ಲಿ ಹರವಿದ ಕಾಳು ನೆನೆದು ಬಣ್ಣಗೆಡುವದು. ಪೇಟೆಯಲ್ಲಿ ಧಾರಣೆಯೂ ಇಳಿಯುವದು. ಇಂಥ ಸಮಯದಲ್ಲಿಯೇ “ನಾಳೆಯಿಂದ ಮೂರು ದಿನ ಭಾರಿ ಮಳೆ” ಎಂದು ಬರೆದ ಚಿತ್ರವೊಂದು ವಾಟ್ಸ್‌ಆ್ಯಪಿನಲ್ಲಿ ಕೈಯಿಂದ ಕೈಗೆ ದಾಟುತ್ತ ಊರಿಗೆ ಬರುತ್ತದೆ. ಅದನ್ನು ಬರೆದವರು ಯಾರು, ಯಾವ ಜಿಲ್ಲೆಗಾಗಿ ಬರೆದರು, “ನಾಳೆ” ಎಂದರೆ ಯಾವ ತಾರೀಖು ಎಂಬದು ಅದರಲ್ಲಿ ಇರುವದಿಲ್ಲ. ಅದು ಹೋದ ವರ್ಷದ ನಾಳೆಯೂ ಆಗಿರಬಹುದು. ಅದನ್ನು ನಂಬಿ ಅರೆಮಾಗಿದ ಕಾಯಿ ಬಿಡಿಸಿದವನಿಗೂ, ಇಂಥವೆಲ್ಲ ಸುಳ್ಳೇ ಎಂದು ನಿಜವಾದ ಮುನ್ಸೂಚನೆಯನ್ನು ಅಲಕ್ಷಿಸಿದವನಿಗೂ ಹಾನಿಯು ಸಮಾನವಾದದ್ದು.

ವರ್ತಮಾನವನ್ನು ಅದರ ಮೂಲದಿಂದಲೇ, ತಾರೀಖು ಸಹಿತವಾಗಿ ಪಡೆಯುವದಕ್ಕೆ ಒಂದು ಸುಲಭವಾದ ಸಾಧನವುಂಟು. ಇದಕ್ಕೆ ಫೀಡ್ ಎನ್ನುವರು. ಮಾಸಪತ್ರಿಕೆಗೆ ವರ್ಗಣಿ ಕೊಟ್ಟವರು ಸಂಚಿಕೆಯು ಹೊರಟಿತೇ ಎಂದು ಪ್ರತಿ ತಿಂಗಳು ಧಾರವಾಡಕ್ಕೆ ಹೋಗಿ ವಿಚಾರಿಸುವದಿಲ್ಲ. ಅದು ಟಪಾಲಿನಿಂದ ಮನೆಗೆ ಬರುತ್ತದೆ. ಜಾಲತಾಣಗಳ ಸಂಗತಿಯು ಹಾಗಲ್ಲ. ಹತ್ತು ತಾಣಗಳ ಸುದ್ದಿ ಬೇಕಾದವನು ಹತ್ತೂ ತಾಣಗಳನ್ನು ಪ್ರತಿದಿನ ತೆರೆದು, ಹೊಸದು ಯಾವದು, ನಿನ್ನೆ ಓದಿದ್ದು ಯಾವದು ಎಂದು ಹುಡುಕಬೇಕಾಗುತ್ತದೆ. ಫೀಡು ಈ ಅಲೆದಾಟವನ್ನು ತಪ್ಪಿಸುತ್ತದೆ.

ಅದರ ಕ್ರಮವು ಹೀಗಿದೆ. ಪ್ರಕಟಿಸುವ ಸಂಸ್ಥೆಯು ತನ್ನ ತಾಣದಲ್ಲಿ ಒಂದು ಚಿಕ್ಕ ಯಾದಿಯನ್ನು ಇಟ್ಟಿರುತ್ತದೆ. ಹೊಸ ಪ್ರಕಟಣೆಯು ಹೊರಟಾಗಲೆಲ್ಲ ಅದರ ತಲೆಬರಹ, ಪ್ರಕಟವಾದ ದಿನ ಹಾಗೂ ವೇಳೆ, ಪೂರ್ಣ ಬರಹವಿರುವ ಪುಟದ ವಿಳಾಸ, ಒಂದು ಗುರುತು, ಬಹುಮಟ್ಟಿಗೆ ಎರಡು ಸಾಲಿನ ಸಾರಾಂಶ, ಇಷ್ಟು ಈ ಯಾದಿಯಲ್ಲಿ ಸೇರುತ್ತವೆ. ಓದುವವನ ಮೊಬೈಲಿನಲ್ಲಿ ಫೀಡ್ ರೀಡರ್ ಎಂಬ ಆ್ಯಪು ಇರಬೇಕು. ಯಾದಿಯ ವಿಳಾಸವನ್ನು ಅದಕ್ಕೆ ಒಮ್ಮೆ ತಿಳಿಸಿದರೆ ಸಾಕು. ಅದು ಗೊತ್ತುಪಡಿಸಿದ ಅಂತರಕ್ಕೊಮ್ಮೆ ಹೋಗಿ ಯಾದಿಯನ್ನು ನೋಡಿ, ಮೊದಲು ಕಂಡ ಗುರುತುಗಳನ್ನು ಬಿಟ್ಟು ಹೊಸವನ್ನು ಮಾತ್ರ ತಂದು ತೋರಿಸುತ್ತದೆ. ಸರಿಯಾಗಿ ನೋಡಿದರೆ ಇಲ್ಲಿ ಸಂಸ್ಥೆಯವರು ಏನನ್ನೂ ಕಳಿಸುವದಿಲ್ಲ. ಪಾಟೀಲರ ವಾಲೀಕಾರನು ದಿನಾಲು ಕಚೇರಿಗೆ ಹೋಗಿ ಹೊಸ ಹುಕುಮು ಅಂಟಿಸಿದ್ದರೆ ನೋಡಿಕೊಂಡು ಬರುತ್ತಿದ್ದಂತೆ, ರೀಡರೇ ಹೋಗಿ ಬರುತ್ತದೆ. ಆದ್ದರಿಂದ ಓದುವವನು ತನ್ನ ಹೆಸರನ್ನಾಗಲಿ, ಫೋನ್ ನಂಬರನ್ನಾಗಲಿ ಪ್ರಕಟಿಸುವವರಿಗೆ ಕೊಡಬೇಕಾಗಿಲ್ಲ. ಬೇಡವಾದಾಗ ತನ್ನ ರೀಡರಿನಿಂದ ಆ ವಿಳಾಸವನ್ನು ತೆಗೆದುಹಾಕಿದರೆ ಮುಗಿಯಿತು.

ಈ ಪದ್ಧತಿಯು ಹೊಸದಲ್ಲ. 1999ರಲ್ಲಿ ಅಮೇರಿಕೆಯ ನೆಟ್‌ಸ್ಕೇಪ್ ಕಂಪನಿಯು ಇದನ್ನು ಆರ್.ಎಸ್.ಎಸ್. ಎಂಬ ಹೆಸರಿನಿಂದ ಆರಂಭಿಸಿತು. (ಈ ಮೂರು ಅಕ್ಷರಗಳನ್ನು ಕಂಡು ಬೇರೊಂದು ಸಂಸ್ಥೆಯೆಂದು ತಿಳಿಯಬಾರದು.) 2005ರಲ್ಲಿ ಆಟಮ್ ಎಂಬ ಇನ್ನೊಂದು ನಮೂನೆಯು ಬಂದಿತು, ರೀಡರುಗಳು ಎರಡನ್ನೂ ಓದಬಲ್ಲವು. ಗೂಗಲ್ ಕಂಪನಿಯು ತನ್ನ ರೀಡರನ್ನು 2013ರ ಜುಲೈ 1ರಂದು ಮುಚ್ಚಿದ್ದರಿಂದ ಫೀಡಿನ ಕಾಲವೇ ತೀರಿತೆಂದು ಹಲವರು ಭಾವಿಸಿದರು. ಅದು ಸರಿಯಲ್ಲ. ಫೀಡ್ಲಿ, ಇನೋರೀಡರ್ ಮೊದಲಾದವು ಈಗಲೂ ಇವೆ, ಬಿಟ್ಟಿಯಾಗಿಯೂ ದೊರೆಯುತ್ತವೆ.

ಫೀಡ್ ಇರುವ ತಾಣದಲ್ಲಿ ಕಿತ್ತಳೆ ಬಣ್ಣದ ಚೌಕವೊಂದು ಕಾಣುವದುಂಟು. ಅದರೊಳಗೆ ಒಂದು ಬಿಳಿ ಚುಕ್ಕೆಯೂ ಎರಡು ಕಮಾನುಗಳೂ ಇರುತ್ತವೆ. ಅದನ್ನು ಒತ್ತಿ ಹಿಡಿದು ವಿಳಾಸವನ್ನು ನಕಲು ಮಾಡಿಕೊಂಡು ರೀಡರಿನಲ್ಲಿ ಸೇರಿಸಬೇಕು. ಚೌಕವು ಕಾಣದಿದ್ದರೆ ತಾಣದ ವಿಳಾಸವನ್ನೇ ರೀಡರಿಗೆ ಕೊಟ್ಟು ನೋಡಬೇಕು. ಎಷ್ಟೋ ಸಲ ಅದು ತಾನಾಗಿಯೇ ಫೀಡನ್ನು ಹುಡುಕಿಕೊಳ್ಳುತ್ತದೆ. ಯೂಟ್ಯೂಬಿನ ಚಾನೆಲುಗಳಿಗೂ ಫೀಡುಂಟು. ಕೃಷಿ ವಿಶ್ವವಿದ್ಯಾಲಯದ ಚಾನೆಲಿನ ವಿಳಾಸವನ್ನು ಹೀಗೆ ಸೇರಿಸಿಡಬಹುದು.

ಯಾವ ಯಾವ ಫೀಡುಗಳನ್ನು ತರಿಸಬೇಕೆಂಬದೇ ಮುಖ್ಯ ವಿಚಾರ. ಇಪ್ಪತ್ತು ಮೂವತ್ತನ್ನು ಸೇರಿಸಿ ಒಂದನ್ನೂ ಓದದಿರುವದಕ್ಕಿಂತ ಮೂರು ನಾಲ್ಕೇ ಲೇಸು. ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಕಚೇರಿಯ ಫೀಡು ಜಮೀನುದಾರರಿಗೆ ಬಹಳ ಉಪಯುಕ್ತವಾದದ್ದು. ಹಂಗಾಮಿನ ಬೆಂಬಲ ಬೆಲೆಯು ಮಂಜೂರಾದ ಸುದ್ದಿಯು ಅದರಲ್ಲಿ ಬರುತ್ತದೆ. 2025-26ರ ಮುಂಗಾರಿಗೆ ಹೆಸರಿನ ಬೆಂಬಲ ಬೆಲೆಯು ಕ್ವಿಂಟಲಿಗೆ 8,768 ರೂಪಾಯಿ ಎಂದು ಗೊತ್ತಾದದ್ದು 2025ರ ಮೇ 28ರಂದು. ಅದರ ಹಿಂದಿನ ವರ್ಷ 8,682 ಇತ್ತು. ಬಿತ್ತುವ ಮೊದಲೇ ಈ ಅಂಕಿಯನ್ನು ಬಲ್ಲವನು ಅಡತಿಯವನ ಮಾತಿನ ಮೇಲೆಯೇ ಅವಲಂಬಿಸಬೇಕಾಗಿಲ್ಲ.

ಎರಡನೆಯದು, ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ತಾಣದ ಫೀಡು. ಮಳೆ, ಸಿಡಿಲು, ಹೊಳೆಯ ಪೂರ ಇವುಗಳ ಅಧಿಕೃತ ಎಚ್ಚರಿಕೆಗಳು ಇದರಲ್ಲಿ ಬರುತ್ತವೆ; ಪ್ರತಿಯೊಂದು ಎಚ್ಚರಿಕೆಯು ಯಾವ ಪ್ರದೇಶಕ್ಕೆ, ಎಂದಿನ ವರೆಗೆ ಅನ್ವಯಿಸುವದೆಂಬದು ಅದರ ಸಂಗಡವೇ ಇರುತ್ತದೆ. ದೇಶದ ನಾನಾ ಭಾಗಗಳ ಎಚ್ಚರಿಕೆಗಳು ಕೂಡಿಬರುವದರಿಂದ ಗದಗ ಜಿಲ್ಲೆಯವನ್ನು ಹೆಕ್ಕಿಕೊಳ್ಳಬೇಕಾಗುತ್ತದೆ. 2019ರ ಆಗಸ್ಟದಲ್ಲಿ ನವಿಲುತೀರ್ಥದ ಆಣೆಕಟ್ಟಿನಿಂದ ನೀರು ಬಿಟ್ಟು ಮಲಪ್ರಭೆಯು ಉಕ್ಕಿದಾಗ ನರಗುಂದ ತಾಲೂಕಿನ ಕೊಣ್ಣೂರು, ರೋಣ ತಾಲೂಕಿನ ಹೊಳೆಆಲೂರು ಮೊದಲಾದ ಊರುಗಳು ಜಲಾವೃತವಾದದ್ದನ್ನು ಹೊಳೆಸಾಲಿನವರು ಮರೆತಿರಲಾರರು. ದನಕರು, ಕಾಳುಕಡಿ, ಪಂಪುಸೆಟ್ಟುಗಳನ್ನು ಎತ್ತರಕ್ಕೆ ಸಾಗಿಸುವದಕ್ಕೆ ಕೆಲವು ತಾಸು ಮೊದಲು ತಿಳಿದರೂ ಬಹಳವಾಯಿತು.

ಆದರೆ ಫೀಡಿನ ಮಿತಿಗಳನ್ನೂ ಅರಿತಿರತಕ್ಕದ್ದು. ರೀಡರು ಅರ್ಧ ತಾಸಿಗೋ, ಕೆಲವು ತಾಸುಗಳಿಗೋ ಒಮ್ಮೆ ಹೋಗಿ ನೋಡುವಂಥದು; ಆದುದರಿಂದ ಸಿಡಿಲಿನಂಥ ಕ್ಷಣದ ಅಪಾಯಕ್ಕೆ ಇದನ್ನು ನಂಬಿ ಕೂಡ್ರಬಾರದು. ಅದಕ್ಕಾಗಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರ ‘ದಾಮಿನಿ’ ಆ್ಯಪು ಪ್ರತ್ಯೇಕವಾಗಿ ಇದೆ. ಯಾದಿಯಲ್ಲಿ ಸಾಮಾನ್ಯವಾಗಿ ಇತ್ತೀಚಿನ ಕೆಲವು ಪ್ರಕಟಣೆಗಳು ಮಾತ್ರ ಉಳಿಯುತ್ತವೆ; ಮೊಬೈಲು ಎಂಟು ಹತ್ತು ದಿನ ಬಂದಾಗಿದ್ದರೆ ನಡುವಿನವು ಕೈತಪ್ಪಬಹುದು. ಇನ್ನೊಂದು ತೊಡಕು ವೇಳೆಯದು. ಫೀಡುಗಳಲ್ಲಿ ಕೆಲವು ಗ್ರೀನಿಚ್ ವೇಳೆಯನ್ನು ನಮೂದಿಸುತ್ತವೆ. ನಮ್ಮ ಗಡಿಯಾರವು ಅದಕ್ಕಿಂತ ಐದೂವರೆ ತಾಸು ಮುಂದೆ ಇರುವದರಿಂದ ಅಲ್ಲಿ 6-30 ಎಂದಿದ್ದರೆ ಇಲ್ಲಿ ಮಧ್ಯಾಹ್ನ 12 ಗಂಟೆ ಎಂದು ತಿಳಿಯಬೇಕು. ಒಳ್ಳೆಯ ರೀಡರುಗಳು ತಾವೇ ಲೆಕ್ಕ ಮಾಡಿ ತೋರಿಸುತ್ತವಾದರೂ ಮೊದಲ ದಿನ ಒಮ್ಮೆ ತಾಳೆ ನೋಡುವದು ಒಳಿತು.

ಎಲ್ಲ ತಾಣಗಳೂ ಫೀಡನ್ನು ಇಟ್ಟಿಲ್ಲ. ಪೇಟೆಯ ಧಾರಣೆಯಂಥ ಕೋಷ್ಟಕಗಳನ್ನು ಆಯಾ ಪುಟಕ್ಕೆ ಹೋಗಿಯೇ ನೋಡುವದು ವಾಸಿ. ಹವಾಮಾನ ಇಲಾಖೆ ಹಾಗೂ ಕೃಷಿ ವಿಶ್ವವಿದ್ಯಾಲಯಗಳು ಕೂಡಿ ಮಂಗಳವಾರ ಮತ್ತು ಶುಕ್ರವಾರ ಹೊರಡಿಸುವ ಬೆಳೆ ಸಲಹೆಯು, 2019ರಲ್ಲಿ ಬಂದ ‘ಮೇಘದೂತ’ ಆ್ಯಪಿನಲ್ಲಿ ಕನ್ನಡದಲ್ಲಿಯೇ ದೊರೆಯುತ್ತದೆ.

ಊರಿನಲ್ಲಿ ಎಲ್ಲರ ಕೈಯಲ್ಲಿಯೂ ಇಂಥ ಮೊಬೈಲು ಇರುವದಿಲ್ಲ, ಇದ್ದವರೆಲ್ಲರೂ ಓದುವದಿಲ್ಲ. ಊರ ಪ್ರಮುಖರು ಒಬ್ಬ ಓದುಬಲ್ಲ ಹುಡುಗನನ್ನು ಗೊತ್ತುಮಾಡಿ, ಅವನು ಸಾಯಂಕಾಲ ರೀಡರನ್ನು ನೋಡಿ ಮುಖ್ಯವಾದದ್ದನ್ನು ಪಂಚಾಯತಿಯ ಕರಿಹಲಗೆಯ ಮೇಲೆ ಬರೆಯುವಂತೆ ಮಾಡಬಹುದು. ಸುದ್ದಿಯ ಕೆಳಗೆ ಹೊರಡಿಸಿದವರ ಹೆಸರು, ಹೊರಟ ತಾರೀಖು, ಎಂದಿನ ವರೆಗೆ ಎಂಬ ಮೂರನ್ನು ತಪ್ಪದೆ ಬರೆಯಿಸಬೇಕು. ಅವಧಿಯು ಮುಗಿದ ಸುದ್ದಿಯನ್ನು ಅಂದೇ ಒರೆಸಿಸಬೇಕು.